ನರ್ಸಿಂಗ್ ತರಗತಿಗೆ ಮುನ್ನ ಆಗಬೇಕಾದ ಸಿದ್ಧತೆ

ನಾಲ್ಕು ವರ್ಷಗಳ ಬಿ.ಎಸ್‌ಸಿ. ನರ್ಸಿಂಗ್ ಪದವಿಗೆ ಸೇರುವವರು ಸಮವಸ್ತ್ರಕ್ಕಿಂತ ಮೊದಲು ಗಮನ ಕೊಡಬೇಕಾದುದು ಲಸಿಕೆಯ ದಾಖಲೆಗೆ. ರಕ್ತದ ಮೂಲಕ ಹರಡಿ ಯಕೃತ್ತನ್ನು ಬಾಧಿಸುವ ಹೆಪಟೈಟಿಸ್ ಬಿ ಸೋಂಕನ್ನು ತಡೆಯುವ ಲಸಿಕೆಯ 3 ಡೋಸ್‌ಗಳನ್ನು ವಯಸ್ಕರಿಗೆ ಸಾಮಾನ್ಯವಾಗಿ 0, 1 ಮತ್ತು 6ನೇ ತಿಂಗಳಲ್ಲಿ ನೀಡುವುದರಿಂದ, ಹಿಂದೆ ಅದನ್ನು ಪಡೆಯದವರು ವಾರ್ಡಿನ ತರಬೇತಿಗೆ ಬಹಳ ಮುಂಚೆಯೇ ಆರಂಭಿಸುವುದು ಅಗತ್ಯ.

ಸಾಮಗ್ರಿಗಳಲ್ಲಿ ಸೆಕೆಂಡಿನ ಮುಳ್ಳಿರುವ ಗಡಿಯಾರ ಮುಖ್ಯವಾದುದು; ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100 ಬಾರಿ ಮಿಡಿಯುವುದು ಸಹಜವಾಗಿದ್ದು, ಅದನ್ನು ಎಣಿಸಲು ಈ ಮುಳ್ಳೇ ಆಧಾರ. ಹೃದಯ, ಶ್ವಾಸಕೋಶಗಳ ಸದ್ದನ್ನು ಆಲಿಸುವ ಸ್ಟೆತೊಸ್ಕೋಪನ್ನೂ ಜಾರದ ಅಟ್ಟೆಯ ಬೂಟುಗಳನ್ನೂ ಕಾಲೇಜಿನ ಪಟ್ಟಿ ನೋಡಿದ ನಂತರವೇ ಕೊಳ್ಳುವುದು ಹಿತ. ನಿಯಮಗಳು ಕಾಲೇಜಿನಿಂದ ಕಾಲೇಜಿಗೆ ಬೇರೆಯಾಗುವುದರಿಂದ, ಅವಸರದ ಖರೀದಿಯ ಹೊರೆ ಕುಟುಂಬದ ಮೇಲೆ ಬೀಳಬಾರದು.