ಪಿಕಪ್ ವಾಹನಗಳಿಗೆ ಜೋಡಿಸುವ ಉಪಕರಣಗಳೂ ಡೀಸೆಲ್ ಎಣ್ಣೆಯ ಮಿತವ್ಯಯವೂ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿರುವ ಸೀಮೆಗಳು. ಇಲ್ಲಿನ ರೈತರು ಬೆಳೆಯುವ ಕಡಲೆಕಾಯಿ, ರಾಗಿ, ಮುಸುಕಿನ ಜೋಳ, ಅಡಿಕೆ, ತೆಂಗು, ಹೂವು, ತರಕಾರಿಗಳೂ, ಸಾಕುವ ಕುರಿ ಮೇಕೆಗಳೂ ಹಿಂದೆ ಎತ್ತಿನ ಗಾಡಿಗಳಲ್ಲಿ ಸಂತೆಗೆ ಹೋಗುತ್ತಿದ್ದುವು. ಈಗ ಆ ಕೆಲಸವನ್ನು ಹೆಚ್ಚಾಗಿ ಪಿಕಪ್ ಎಂದು ಕರೆಯಲ್ಪಡುವ ಸಣ್ಣ ಸರಕು ಮೋಟಾರುಗಳು ಮಾಡುತ್ತಿವೆ. ಎತ್ತುಗಳಿಗೆ ಮೇವು ಹೊಲದಲ್ಲಿಯೇ ಬೆಳೆಯುತ್ತಿತ್ತು. ಮೋಟಾರಿನ ಮೇವಾದ ಡೀಸೆಲ್ ಎಣ್ಣೆಯನ್ನಾದರೋ ಕೈಯಿಂದ ಹಣ ತೆತ್ತು ಕೊಳ್ಳಬೇಕು. ಆದುದರಿಂದ ಎಣ್ಣೆಯ ಖರ್ಚನ್ನು ತಗ್ಗಿಸುವುದಾಗಿ ಯಾರಾದರೂ ಹೇಳಿದರೆ ರೈತನು ಕಿವಿಗೊಡುವುದು ಸಹಜವೇ ಆಗಿದೆ.

ಈ ಆಶೆಯನ್ನು ಕಂಡು ಪೇಟೆಯಲ್ಲಿ ಹಲವು ಬಗೆಯ ಉಪಕರಣಗಳು ಮಾರಾಟಕ್ಕೆ ಬಂದಿರುತ್ತವೆ. ಎಣ್ಣೆಯ ಕೊಳವೆಗೆ ಕಟ್ಟುವ ಅಯಸ್ಕಾಂತ, ಎಣ್ಣೆಗೆ ಬೆರಸುವ ದ್ರಾವಣ, ನೀರಿನಿಂದ ಅನಿಲವನ್ನು ತೆಗೆಯುವ ಡಬ್ಬಿ, ಹೆಚ್ಚು ಗಾಳಿಯನ್ನು ಬಿಡುವ ಶೋಧಕ, ಅಗಲವಾದ ಹೊಗೆಕೊಳವೆ, ಎಂಜಿನ್ನಿನ ಗಣಕವನ್ನು ತಿದ್ದುವ ಪೆಟ್ಟಿಗೆ ಮುಂತಾದುವು ಇವುಗಳಲ್ಲಿ ಮುಖ್ಯವಾದುವು. ಇವುಗಳಿಂದ ನಿಜವಾಗಿ ಎಣ್ಣೆ ಉಳಿಯುವುದೇ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಎಣ್ಣೆಯು ಎಲ್ಲಿಗೆ ಹೋಗುತ್ತದೆ?

ಉಳಿತಾಯದ ಮಾತಿಗೆ ಮೊದಲು ವ್ಯಯದ ದಾರಿಯನ್ನು ತಿಳಿಯಬೇಕು. ಒಂದು ಲೀಟರ್ ಡೀಸೆಲಿನಲ್ಲಿರುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಚಕ್ರವನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಉಳಿದುದು ಹೊಗೆಯೊಡನೆಯೂ ನೀರಿನ ತೊಟ್ಟಿಯ ಮೂಲಕವೂ ಶಾಖವಾಗಿ ಹೊರಟುಹೋಗುತ್ತದೆ. ಇದು ಎಂಜಿನ್ನಿನ ಸ್ವಭಾವಧರ್ಮ. ಮೇಲಿಂದ ಕಟ್ಟಿದ ಯಾವ ಡಬ್ಬಿಯೂ ಇದನ್ನು ಬದಲಾಯಿಸಲಾರದು.

ಚಕ್ರಕ್ಕೆ ತಲುಪಿದ ಶಕ್ತಿಯು ನಾಲ್ಕು ಕಡೆ ಖರ್ಚಾಗುತ್ತದೆ. ಮೊದಲನೆಯದು ಟೈರುಗಳ ಉರುಳುವಿಕೆಗೆ ನೆಲವು ಒಡ್ಡುವ ತಡೆ. ಇದು ಭಾರ ಹೆಚ್ಚಿದಷ್ಟೂ ಹೆಚ್ಚುತ್ತದೆ. ಎರಡನೆಯದು ಗಾಳಿಯ ತಡೆ; ಇದು ವೇಗದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. ಎಂದರೆ, ಗಂಟೆಗೆ ೪೦ ಕಿಲೋಮೀಟರ್ ವೇಗದಲ್ಲಿದ್ದ ಗಾಡಿಯನ್ನು ೮೦ಕ್ಕೆ ಏರಿಸಿದರೆ ಗಾಳಿಯ ತಡೆಯು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಮೂರನೆಯದು ಏರು. ಒಟ್ಟು ೩ ಟನ್ ತೂಗುವ ಗಾಡಿಯು ೧೦೦ ಮೀಟರ್ ಎತ್ತರವನ್ನು ಹತ್ತುವುದಕ್ಕೆ, ಸಾಗುವ ಖರ್ಚಲ್ಲದೆ, ಸುಮಾರು ಕಾಲು ಲೀಟರ್ ಎಣ್ಣೆ ಬೇಕಾಗುತ್ತದೆ. ಕೊರಟಗೆರೆ, ಮಧುಗಿರಿಗಳ ಬೆಟ್ಟಗುಡ್ಡಗಳ ನಡುವೆ ಓಡುವವರಿಗೆ ಇದು ಅನುಭವಸಿದ್ಧವಾದ ಸಂಗತಿ. ನಾಲ್ಕನೆಯದು ಬ್ರೇಕು. ಎಣ್ಣೆ ಸುಟ್ಟು ಗಳಿಸಿದ ವೇಗವನ್ನು ಬ್ರೇಕು ಒತ್ತಿದಾಗಲೆಲ್ಲ ಬಿಸಿಮಾಡಿ ಕಳೆದುಬಿಡುತ್ತೇವೆಂಬುದನ್ನು ಮರೆಯಬಾರದು.

ಹೀಗಿರುವಲ್ಲಿ, ಯಾವ ಉಪಕರಣವೇ ಆಗಲಿ ಈ ನಾಲ್ಕರಲ್ಲಿ ಒಂದನ್ನು ಕಡಮೆಮಾಡಬೇಕು, ಇಲ್ಲವೆ ಎಣ್ಣೆಯನ್ನು ಇನ್ನೂ ಚೆನ್ನಾಗಿ ಉರಿಸಬೇಕು. ಎರಡೂ ಇಲ್ಲದಿದ್ದರೆ ಉಳಿತಾಯವು ಮಾತಿನಲ್ಲಿ ಮಾತ್ರ. ಎತ್ತಿನ ಕೊಂಬಿಗೆ ಬಣ್ಣ ಬಳಿದರೆ ಗಾಡಿಯ ಭಾರ ಇಳಿಯದು. ಅಚ್ಚಿಗೆ ಕೀಲೆಣ್ಣೆ ಹಾಕಿದರೆ ಎತ್ತಿಗೆ ಸುಖವಾಗುತ್ತದೆ. ಇದನ್ನು ಬಲ್ಲ ರೈತನು ಮೋಟಾರಿನ ವಿಷಯದಲ್ಲಿಯೂ ಮೋಸಹೋಗಬೇಕಾಗಿಲ್ಲ.

ಉರಿಯನ್ನು ಉತ್ತಮಪಡಿಸುವುದೆಂಬ ಉಪಕರಣಗಳು

ಸುಸ್ಥಿತಿಯಲ್ಲಿರುವ ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆಯು ನೂರಕ್ಕೆ ೯೮ ಪಾಲಿಗಿಂತಲೂ ಹೆಚ್ಚಾಗಿ ಉರಿದೇ ಹೋಗುತ್ತದೆ. ಉರಿಯದೆ ಉಳಿಯುವುದು ಒಂದೆರಡು ಪಾಲು ಮಾತ್ರ. ಅದೆಲ್ಲವನ್ನೂ ಉರಿಸಿದರೂ ದೊರೆಯುವ ಲಾಭ ಅಷ್ಟೇ ಆದುದರಿಂದ, ನೂರಕ್ಕೆ ಇಪ್ಪತ್ತು ಮೂವತ್ತು ಉಳಿಯುವುದೆಂಬ ಜಾಹೀರಾತು ತನ್ನಿಂದ ತಾನೇ ಸುಳ್ಳಾಗುತ್ತದೆ. ಡೀಸೆಲ್ ಎಣ್ಣೆಯು ಅಯಸ್ಕಾಂತಕ್ಕೆ ಒಲಿಯುವ ವಸ್ತುವಲ್ಲ. ಕೊಳವೆಗೆ ಕಟ್ಟಿದ ಅಯಸ್ಕಾಂತದಿಂದ ಅದರ ಉರಿಯುವ ಗುಣವು ಬದಲಾಗುವುದಿಲ್ಲ. ನೀರಿನಿಂದ ಜಲಜನಕವನ್ನು ತೆಗೆಯುವ ಡಬ್ಬಿಗೆ ಬೇಕಾದ ವಿದ್ಯುತ್ತನ್ನು ಅದೇ ಎಂಜಿನ್ನು ಎಣ್ಣೆ ಸುಟ್ಟು ಒದಗಿಸಬೇಕು. ಆ ಅನಿಲವು ಉರಿದಾಗ ಹಿಂದಿರುಗುವುದು ಕೊಟ್ಟುದಕ್ಕಿಂತ ಕಡಮೆಯೇ ಹೊರತು ಹೆಚ್ಚಲ್ಲ. ಬಾವಿಯ ನೀರನ್ನೇ ಎತ್ತಿ ಅದೇ ಬಾವಿಗೆ ಸುರಿದಂತೆ.

ಅಮೆರಿಕಾ ಸಂಯುಕ್ತ ಸಂಸ್ಥಾನದ ಪರಿಸರ ಸಂರಕ್ಷಣಾ ಸಂಸ್ಥೆಯವರು ೧೯೭೦ರ ದಶಕದಿಂದ ಈಚೆಗೆ ಇಂತಹ ನೂರಕ್ಕೂ ಹೆಚ್ಚು ಉಪಕರಣಗಳನ್ನು ಪರಿಶೀಲಿಸಿದ್ದಾರೆ. ಗಮನಾರ್ಹವಾದ ಉಳಿತಾಯವು ಬಹುಮಟ್ಟಿಗೆ ಯಾವುದರಲ್ಲಿಯೂ ಕಂಡುಬರಲಿಲ್ಲ. ಕೆಲವು ಎಂಜಿನ್ನಿಗೆ ಹಾನಿಯನ್ನುಂಟುಮಾಡುವಂತಹವೂ ಆಗಿದ್ದುವು.

ಗಾಳಿ ಶೋಧಕದ ವಿಷಯದಲ್ಲಿ ಒಂದು ಮಾತು. ಅದೇ ದೇಶದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಶಾಲೆಯಲ್ಲಿ ೨೦೦೯ರಲ್ಲಿ ಆಧುನಿಕ ಪೆಟ್ರೋಲ್ ಕಾರುಗಳ ಶೋಧಕವನ್ನು ಬೇಕೆಂದೇ ಕಟ್ಟಿಕೊಳ್ಳುವಂತೆ ಮಾಡಿ ಪರೀಕ್ಷಿಸಿದಾಗ ವೇಗ ಗಳಿಸುವ ಚುರುಕು ಕುಗ್ಗಿತೇ ಹೊರತು ಎಣ್ಣೆಯ ಖರ್ಚು ಹೆಚ್ಚಲಿಲ್ಲ. ಹಾಗಿರುವಾಗ ಶುದ್ಧವಾದ ಶೋಧಕವನ್ನು ತೆಗೆದು ಇನ್ನೂ ಸಡಿಲವಾದುದನ್ನು ಹಾಕುವುದರಿಂದ ಉಳಿತಾಯ ಎಲ್ಲಿಂದ ಬಂದೀತು? ಪಾವಗಡ, ಸಿರಾಗಳ ಧೂಳಿನ ದಾರಿಗಳಲ್ಲಿ ಸಡಿಲ ಶೋಧಕದ ಮೂಲಕ ಒಳಗೆ ನುಗ್ಗುವ ಮರಳುಪುಡಿಯು ಸಿಲಿಂಡರನ್ನು ಸವೆಯಿಸುವುದು ಮಾತ್ರ ನಿಶ್ಚಯ.

ಇದ್ದಿಲು ಅನಿಲದ ಪಾಠ

ಮೋಟಾರಿಗೆ ಉಪಕರಣವನ್ನು ಜೋಡಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಕಟ್ಟು ಬಿದ್ದಾಗ ಮೈಸೂರು ಸಂಸ್ಥಾನದ ಬಸ್ಸುಗಳ ಹಿಂದೆ ಇದ್ದಿಲಿನ ಒಲೆಯನ್ನು ಜೋಡಿಸಿ, ಅದರಿಂದ ಹುಟ್ಟಿದ ಅನಿಲದಿಂದ ಬಸ್ಸನ್ನು ಓಡಿಸುತ್ತಿದ್ದರು. ಆ ಉಪಕರಣವು ನಿಜವಾಗಿಯೂ ಕೆಲಸಮಾಡಿತು. ಆದರೆ ಅದು ಸುಮ್ಮನೆ ಏನನ್ನೂ ಕೊಡಲಿಲ್ಲ: ಪೆಟ್ರೋಲಿನ ಬದಲು ಇದ್ದಿಲನ್ನು ಕೇಳಿತು, ಎಂಜಿನ್ನಿನ ಬಲವನ್ನು ಬಹಳವಾಗಿ ತಗ್ಗಿಸಿತು, ಹೊರಡುವ ಮೊದಲು ಒಲೆ ಹೊತ್ತಿಸಿ ಗಾಳಿ ಹಾಕುವ ಶ್ರಮವನ್ನು ಬೇಡಿತು. ಯುದ್ಧ ಮುಗಿದು ಪೆಟ್ರೋಲು ದೊರೆತೊಡನೆ ಅದು ಮೂಲೆಗೆ ಬಿತ್ತು. ನಿಜವಾದ ಉಪಕರಣವು ತಾನು ಏನನ್ನು ತೆಗೆದುಕೊಳ್ಳುತ್ತದೆಂಬುದನ್ನು ಮುಚ್ಚಿಡುವುದಿಲ್ಲ. ಏನನ್ನೂ ಕೇಳದೆ ಎಣ್ಣೆಯನ್ನು ಉಳಿಸುವುದೆನ್ನುವ ಉಪಕರಣವು ಕೇಳುವುದು ಕೊಳ್ಳುವವನ ಹಣವನ್ನು ಮಾತ್ರ.

ಖರ್ಚನ್ನು ಹೆಚ್ಚಿಸುವ ಮಾರ್ಪಾಟುಗಳು

ಕೆಲವು ಮಾರ್ಪಾಟುಗಳು ನಿರುಪಯೋಗಿಗಳಷ್ಟೇ ಅಲ್ಲ, ನಷ್ಟಕರವೂ ಆಗಿವೆ. ಹೆಚ್ಚು ಸರಕು ಹಿಡಿಯಲೆಂದು ಎತ್ತರಿಸಿದ ಕಬ್ಬಿಣದ ಪಕ್ಕೆಗಳು, ಮುಂದಿನ ಕಬ್ಬಿಣದ ಕಟಕಟೆ, ತಲೆಯ ಮೇಲಿನ ಅಟ್ಟ, ಹೆಚ್ಚಿನ ಪಟ್ಟಿ ಸ್ಪ್ರಿಂಗುಗಳು ಇವೆಲ್ಲವೂ ಗಾಡಿ ಬರಿದಾಗಿ ಓಡುವಾಗಲೂ ಹೊತ್ತು ತಿರುಗಬೇಕಾದ ಭಾರಗಳು. ಅಗಲವಾದ ಟೈರುಗಳು ನೋಟಕ್ಕೆ ಚೆನ್ನಾಗಿದ್ದರೂ ಸಾಮಾನ್ಯವಾಗಿ ಹೆಚ್ಚು ತಡೆಯನ್ನು ಒಡ್ಡುತ್ತವೆ. ಹಿಂದಿನ ಹಲಗೆಯನ್ನು ಇಳಿಬಿಟ್ಟು ಓಡಿಸಿದರೆ ಗಾಳಿಯ ತಡೆ ತಗ್ಗುವುದೆಂಬ ನಂಬಿಕೆಯನ್ನೂ ಗಾಳಿಸುರಂಗದ ಪರೀಕ್ಷೆಗಳು ಸಮರ್ಥಿಸಿಲ್ಲ.

೧-೪-೨೦೨೦ ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ೬ ನಿಯಮಕ್ಕೆ ಒಳಪಟ್ಟ ಡೀಸೆಲ್ ಪಿಕಪ್ಪುಗಳಲ್ಲಿ ಮಸಿಯನ್ನು ಹಿಡಿಯುವ ಶೋಧಕವಿರುತ್ತದೆ. ಅದನ್ನು ಕಿತ್ತುಹಾಕಿಸಿದರೆ ಅಲ್ಪಸ್ವಲ್ಪ ಎಣ್ಣೆ ಉಳಿದರೂ ಹೊಗೆಯ ವಿಷವು ಊರಿನ ಮಕ್ಕಳ ಎದೆಗೆ ಇಳಿಯುತ್ತದೆ. ಕಾನೂನಿನ ಉಲ್ಲಂಘನೆಯೂ ಆಗುತ್ತದೆ.

೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣದ ಮೇರೆಗೆ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು ೨೦೧೯ರ ಜನವರಿಯಲ್ಲಿ ಇದನ್ನು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಟಿಗೆ ೬ ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಟಿಗೆ ೫,೦೦೦ ರೂಪಾಯಿ ದಂಡ, ಇಲ್ಲವೆ ಎರಡೂ ವಿಧಿಸಲ್ಪಡಬಹುದು. ತಯಾರಕರ ಭರವಸೆಯ ಅವಧಿಯು ರದ್ದಾಗುವ ಸಂಭವವೂ, ಅಪಘಾತವಾದಲ್ಲಿ ವಿಮೆಯ ಹಣಕ್ಕೆ ತಕರಾರು ಬರುವ ಸಂಭವವೂ ಉಂಟು. ಸಾಲ ತಂದು ಗಾಡಿ ಕೊಂಡ ರೈತನಿಗೆ ಇದು ಸಣ್ಣ ಮಾತಲ್ಲ.

ಸ್ವತಃ ಪರೀಕ್ಷಿಸುವ ಕ್ರಮ

“ಜೋಡಿಸಿದ ಮೇಲೆ ಮೈಲೇಜು ಹೆಚ್ಚಿತು” ಎಂದು ಪ್ರಾಮಾಣಿಕವಾಗಿ ಹೇಳುವವರೂ ಇದ್ದಾರೆ. ಹಣ ಕೊಟ್ಟು ಉಪಕರಣವನ್ನು ಹಾಕಿಸಿದವನು ಅದರ ಫಲವನ್ನು ನೋಡಬೇಕೆಂಬ ಆತುರದಿಂದ ತನಗೆ ತಿಳಿಯದಂತೆಯೇ ಮೃದುವಾಗಿ ಓಡಿಸುತ್ತಾನೆ. ಎಣ್ಣೆಯನ್ನು ಉಳಿಸಿದ್ದು ಅವನ ಕಾಲು. ಕೀರ್ತಿ ಬಂದದ್ದು ಡಬ್ಬಿಗೆ. ಇದಲ್ಲದೆ ಅಳತೆಯ ದೋಷವೂ ಇರುತ್ತದೆ. ಹತ್ತು ಲೀಟರ್ ತುಂಬುವಲ್ಲಿ ಅರ್ಧ ಲೀಟರ್ ಹೆಚ್ಚುಕಡಮೆಯಾದರೆ ಲೆಕ್ಕದಲ್ಲಿ ನೂರಕ್ಕೆ ಐದರಷ್ಟು ತಪ್ಪಾಗುತ್ತದೆ. ಟೈರಿನ ಅಳತೆಯನ್ನು ಬದಲಾಯಿಸಿದರೆ ಕಿಲೋಮೀಟರ್ ಎಣಿಸುವ ಗಡಿಯಾರವೇ ತಪ್ಪು ತೋರಿಸುತ್ತದೆ.

ಆದಕಾರಣ ಪರೀಕ್ಷಿಸುವವರು ಈ ಕ್ರಮವನ್ನು ಅನುಸರಿಸತಕ್ಕದ್ದು. ಒಂದೇ ಬಂಕಿನಲ್ಲಿ, ಒಂದೇ ಜಾಗದಲ್ಲಿ ಗಾಡಿಯನ್ನು ನಿಲ್ಲಿಸಿ, ತೊಟ್ಟಿಯನ್ನು ಪೂರ್ಣವಾಗಿ ತುಂಬಿಸಬೇಕು. ಅದೇ ದಾರಿಯಲ್ಲಿ, ಸುಮಾರು ಅದೇ ಭಾರದೊಡನೆ, ಒಂದು ಸಾವಿರ ಕಿಲೋಮೀಟರಿಗೆ ಕಡಮೆಯಿಲ್ಲದಂತೆ ಓಡಿಸಿ ಪುನಃ ತುಂಬಿಸಿ ಲೆಕ್ಕ ಬರೆಯಬೇಕು. ಬಳಿಕ ಉಪಕರಣದೊಡನೆ ಅಷ್ಟೇ ದೂರ, ಪುನಃ ಉಪಕರಣವಿಲ್ಲದೆ ಅಷ್ಟೇ ದೂರ ಓಡಿಸಬೇಕು. ಉಪಕರಣವಿದೆಯೋ ಇಲ್ಲವೋ ಎಂಬುದು ಓಡಿಸುವವನಿಗೆ ತಿಳಿಯದಿದ್ದರೆ ಉತ್ತಮ. ಈ ಪರೀಕ್ಷೆಗೆ ಒಪ್ಪದ ಮಾರಾಟಗಾರನಿಂದ ಏನನ್ನೂ ಕೊಳ್ಳದಿರುವುದು ಮೇಲು.

ನಿಜವಾಗಿ ಉಳಿಸುವ ಉಪಾಯಗಳು

೧. ಟೈರಿನ ಗಾಳಿ: ಒತ್ತಡವು ನಾಲ್ಕೂ ಟೈರುಗಳಲ್ಲಿ ೧೦ ಪೌಂಡು ಕಡಮೆಯಾದರೆ ನೂರಕ್ಕೆ ಸುಮಾರು ಎರಡರಷ್ಟು ಎಣ್ಣೆ ವ್ಯರ್ಥವಾಗುವುದಲ್ಲದೆ ಟೈರೂ ಬೇಗನೆ ಸವೆಯುತ್ತದೆ. ತಯಾರಕರು ಸೂಚಿಸಿರುವ ಪ್ರಮಾಣವನ್ನು ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ ನೋಡತಕ್ಕದ್ದು.

೨. ವೇಗ: ೧೯೭೮ರಲ್ಲಿ ಸ್ಥಾಪಿತವಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘದವರು ಗಂಟೆಗೆ ೪೫ ರಿಂದ ೫೫ ಕಿಲೋಮೀಟರ್ ವೇಗವು ಹಿತವೆಂದು ತಿಳಿಸುತ್ತಾರೆ. ಸಿರಾದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯು ವೇಗಕ್ಕೆ ಆಶೆ ತೋರಿಸುತ್ತದೆ. ಎತ್ತರಕ್ಕೆ ಹೇರಿದ ಗಾಡಿಗೆ ಆ ಆಶೆಯೇ ದುಬಾರಿ.

೩. ನಿಂತಲ್ಲಿ ಓಡುವ ಎಂಜಿನ್: ಮಂಡಿಯ ಮುಂದೆ ಸರದಿಗಾಗಿ ಕಾಯುವಾಗ ಎಂಜಿನ್ನನ್ನು ನಿಲ್ಲಿಸಬೇಕು. ಹಾಗಲ್ಲದಿದ್ದರೆ ಗಂಟೆಗೆ ಅರ್ಧ ಲೀಟರಿಗೂ ಮೇಲ್ಪಟ್ಟು ಎಣ್ಣೆ ಸುಮ್ಮನೆ ಸುಡಬಹುದು.

೪. ಹೊರೆಯ ಯೋಜನೆ: ಎಲ್ಲಕ್ಕಿಂತ ಹೆಚ್ಚಿನ ಉಳಿತಾಯ ಇಲ್ಲಿದೆ. ಪಾವಗಡದಿಂದ ತುಮಕೂರಿಗೆ ದಾರಿ ಸುಮಾರು ೧೦೦ ಕಿಲೋಮೀಟರ್. ಲೆಕ್ಕಕ್ಕಾಗಿ, ಪಿಕಪ್ಪು ೧೨ ಕ್ವಿಂಟಾಲ್ ಹೊತ್ತಾಗ ಲೀಟರಿಗೆ ೧೧, ೬ ಕ್ವಿಂಟಾಲ್ ಹೊತ್ತಾಗ ೧೨.೫, ಬರಿದಾದಾಗ ೧೪ ಕಿಲೋಮೀಟರ್ ಓಡುವುದೆಂದು ಇಟ್ಟುಕೊಳ್ಳಬಹುದು. ಒಬ್ಬ ರೈತನು ೬ ಕ್ವಿಂಟಾಲ್ ಕಡಲೆಕಾಯಿಯನ್ನು ಒಯ್ದು ಬರಿದಾಗಿ ಹಿಂದಿರುಗಿದರೆ ಒಟ್ಟು ೧೫ ಲೀಟರ್, ಎಂದರೆ ಕ್ವಿಂಟಾಲಿಗೆ ೨½ ಲೀಟರ್ ತಗಲುತ್ತದೆ. ಇಬ್ಬರು ಸೇರಿ ೧೨ ಕ್ವಿಂಟಾಲ್ ಒಯ್ದರೆ ಒಟ್ಟು ೧೬ ಲೀಟರಿಗೆ ಸ್ವಲ್ಪ ಮೇಲೆ; ಕ್ವಿಂಟಾಲಿಗೆ ಸುಮಾರು ೧⅓ ಲೀಟರ್ ಮಾತ್ರ. ಹಿಂದಿರುಗುವಾಗ ಗೊಬ್ಬರವನ್ನೋ ಹಿಂಡಿಯನ್ನೋ ೧೨ ಕ್ವಿಂಟಾಲ್ ತಂದರೆ ಕ್ವಿಂಟಾಲಿಗೆ ಮುಕ್ಕಾಲು ಲೀಟರಿಗೆ ಇಳಿಯುತ್ತದೆ. ನೂರಕ್ಕೆ ಐದರಷ್ಟು ಉಳಿಸುವ ಉಪಕರಣವೊಂದು ಇದ್ದರೂ ಮೊದಲನೆಯ ರೈತನ ೨½ ಲೀಟರ್ ೨.೪ಕ್ಕೆ ಇಳಿಯುತ್ತಿತ್ತು, ಅಷ್ಟೆ. ನೆರೆಯವನೊಡನೆ ಆಡುವ ಒಂದು ಮಾತು ಇದಕ್ಕಿಂತ ಹತ್ತು ಪಾಲು ಹೆಚ್ಚು ಉಳಿಸುತ್ತದೆ. ಆದರೆ ಅನುಮತಿಸಿದ ಭಾರವನ್ನು ಮಾತ್ರ ಮೀರಬಾರದು. ಬ್ರೇಕು, ಟೈರುಗಳು ಅದಕ್ಕಾಗಿ ಮಾಡಲ್ಪಟ್ಟಿರುವುದಿಲ್ಲ.

ಉಪಸಂಹಾರ

ಉಪಕರಣವೊಂದಕ್ಕೆ ೩,೦೦೦ ರೂಪಾಯಿ ಕೊಡುವುದಾದರೆ, ಡೀಸೆಲನ್ನು ಲೀಟರಿಗೆ ೯೦ ರೂಪಾಯಿಯಂತೆ ಹಿಡಿದರೆ, ಆ ಹಣದ ಎಣ್ಣೆಯಲ್ಲಿ ಮೇಲೆ ಹೇಳಿದ ಪಿಕಪ್ಪು ಪಾವಗಡದಿಂದ ತುಮಕೂರಿಗೆ ಎರಡು ಸಲ ಹೋಗಿ ಬರಬಹುದು. ಮಳೆ ಕೈಕೊಟ್ಟ ವರ್ಷದಲ್ಲಿ ರೈತನಿಗೆ ಉಳಿಯುವ ಲಾಭವು ಎಷ್ಟೋ ವೇಳೆ ಅಷ್ಟೇ ಆಗಿರುತ್ತದೆ. ಗಾಳಿ ತುಂಬಿದ ಟೈರು, ಹಿತವಾದ ವೇಗ, ಕಾಲಕ್ಕೆ ಸರಿಯಾದ ದುರಸ್ತಿ, ಎರಡು ಕಡೆಯೂ ತುಂಬಿದ ಹೊರೆ ಇವುಗಳಿಗೆ ಜಾಹೀರಾತಿಲ್ಲ. ಏಕೆಂದರೆ ಇವುಗಳನ್ನು ಮಾರುವವರಿಲ್ಲ. ಈ ನಾಲ್ಕು ತಾಲ್ಲೂಕುಗಳ ರೈತರು ಇವುಗಳನ್ನು ಆಚರಣೆಗೆ ತಂದು, ತಮ್ಮ ಗಾಡಿಯ ಲೆಕ್ಕವನ್ನು ತಾವೇ ಬರೆದಿಟ್ಟು ನೋಡಿದಲ್ಲಿ, ಉಳಿತಾಯವು ಎಲ್ಲಿದೆಯೆಂಬುದು ಅವರಿಗೇ ಮನದಟ್ಟಾಗುವುದು.