ಹಾವಸೆಯೂ ಬೊಂಡಾಸೂ



ಅಪರೂಪದ ಹಾವಸೆಯೊಂದನ್ನು ಮೀನುಪೇಟೆಯ ಜಲಚರವೊಂದರ ಪಕ್ಕದಲ್ಲಿಟ್ಟು ನೋಡುವುದು ಮೊದಲಿಗೆ ವಿನೋದವೆನಿಸಬಹುದು. ಆದರೂ ಒಂದು ಜೀವಿ ವಿರಳವಾಗಿ, ಮತ್ತೊಂದು ಹೇರಳವಾಗಿ ಇರುವುದೇಕೆಂದು ತಿಳಿಯಲು ಈ ಜೋಡಿ ನಮಗೆ ಚೆನ್ನಾಗಿ ಒದಗುತ್ತದೆ.

ವಿದನ್‌ಶಾದಿಂದ ಸುಮಾರು ಒಂದು ಗಂಟೆ ಕಾರಿನಲ್ಲಿ ಸಾಗಿದರೆ ಡರ್ಬಿಶೈರಿನ ಸುಣ್ಣಕಲ್ಲಿನ ಕಣಿವೆಗಳು ಎದುರಾಗುತ್ತವೆ. ಅವುಗಳಲ್ಲೊಂದರಲ್ಲಿ, ಚಿಲುಮೆಯ ನೀರು ಹರಿಯುವ ಬಂಡೆಯ ಮೇಲೆ, ಗರಿಯಂತಹ ಹಾವಸೆಯೊಂದು 1883ರಲ್ಲಿ ಕಂಡುಬಂದಿತು. ಥಾಮ್ನೋಬ್ರಿಯಮ್ ಅಂಗುಸ್ಟಿಫೋಲಿಯಮ್ ಎಂಬುದು ಅದರ ಶಾಸ್ತ್ರೀಯ ನಾಮ. ಅದರ ಸಹಜ ನೆಲೆಯೆಂದು ತಿಳಿದಿರುವುದು ಅದೊಂದೇ ಬಂಡೆ. ವಿಸ್ತಾರ ಸುಮಾರು 3 ಚದರ ಮೀಟರು, ಅಂದರೆ ಎರಡು ಚಾಪೆ ಹಾಸಿದಷ್ಟು ಜಾಗ!

ಮಲ್ಪೆ, ಮಂಗಳೂರಿನವರಿಗೆ ಬೊಂಡಾಸ್ ಹೊಸದಲ್ಲ. ನಮ್ಮ ಕರಾವಳಿಯಲ್ಲಿ ಹೇರಳವಾಗಿ ಸಿಗುವ ಜಾತಿಯನ್ನು ದೋರ್ಬಿನಿ ಎಂಬ ಫ್ರೆಂಚ್ ವಿಜ್ಞಾನಿ 1835ರಲ್ಲಿ ವರ್ಣಿಸಿ, ಭಾರತದಲ್ಲಿ ಪ್ರಾಣಿಗಳನ್ನು ಸಂಗ್ರಹಿಸಿದ ದ್ಯುವೋಸೆಲ್ ಎಂಬಾತನ ಹೆಸರನ್ನು ಅದಕ್ಕಿಟ್ಟನು. ಮೂರು ಹೃದಯ, ನೀಲಿ ರಕ್ತ, ಎಂಟು ತೋಳು, ಬೇಟೆಗೆಂದೇ ಎರಡು ಉದ್ದನೆಯ ಬಾಹು; ಅಪಾಯ ಬಂದರೆ ಮಸಿ ಚೆಲ್ಲಿ, ನೀರನ್ನು ಚಿಮ್ಮಿಸಿ ಪಾರಾಗುತ್ತದೆ. ಆಯುಸ್ಸು ಅಲ್ಪ. ಆದರೆ ಮೊಟ್ಟೆಗಳು ಬಹಳ, ಸಂಚಾರದ ಕ್ಷೇತ್ರವೂ ಕೆಂಪು ಸಮುದ್ರದಿಂದ ದಕ್ಷಿಣ ಚೀನಾ ಸಮುದ್ರದವರೆಗೆ ವಿಶಾಲ. ಒಂದು ಕಡಲತೀರ ಕೆಟ್ಟರೂ ಸಂತತಿ ಅಳಿಯದು.

ಹಾವಸೆಗೆ ಆ ಭಾಗ್ಯವಿಲ್ಲ. ಅದಕ್ಕೆ ನಿಜವಾದ ಬೇರಿಲ್ಲ. ಎಲೆಗಳೇ ನೀರನ್ನು ಹೀರಿಕೊಳ್ಳುತ್ತವೆ. ಆದ್ದರಿಂದ ನೀರಿನಲ್ಲಿ ಬಂದದ್ದೆಲ್ಲವೂ ಅದರ ಪಾಲಿಗೆ ಊಟವೇ, ವಿಷವೂ. ಮೇಲಿನ ಹೊಲಗಳಿಂದ ಗೊಬ್ಬರ ಹರಿದುಬಂದರೆ ಶೈವಲ ಬೆಳೆದು ಅದನ್ನು ಮುಚ್ಚೀತು. ಒಂದು ಬೇಸಿಗೆ ಚಿಲುಮೆ ಬತ್ತಿದರೂ ಸಾಕು, ಒಂದು ಶತಮಾನಕ್ಕೂ ಮೀರಿ ಉಳಿದುಬಂದುದು ಇಲ್ಲವಾದೀತು.

ಹೇರಳವಾದುದಕ್ಕೆ ಭಯವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದು ಸಂತತಿ ಬೆಳೆಯಲಿ ಎಂದೇ. ಬೊಂಡಾಸಿಗೆ ಎರಡು ತಿಂಗಳ ಬಿಡುವು ನೆರವಾಗಬಹುದು. ಹಾವಸೆಗೆ ವರ್ಷವಿಡೀ ಕಾವಲು ಬೇಕು.

1981ರ ಬ್ರಿಟನ್ನಿನ ವನ್ಯಜೀವಿ ಕಾಯಿದೆ ಈ ಹಾವಸೆಯನ್ನು ರಕ್ಷಿಸುತ್ತದೆ. ಅದನ್ನು ಕೀಳುವುದು ಅಪರಾಧ. ಬಂಡೆಯ ನೆಲೆಯನ್ನು ಬಲ್ಲವರೂ ಬಹಿರಂಗವಾಗಿ ಹೇಳುವುದಿಲ್ಲ, ನಾವೂ ಹೇಳೆವು. ರಜೆಯಲ್ಲಿ ಮಕ್ಕಳೊಡನೆ ಆ ಕಣಿವೆಗಳಿಗೆ ಹೋದಾಗ, ಒದ್ದೆಗಲ್ಲಿನ ಹಸುರನ್ನು ಕೆರೆಯಹೊರಟ ಪುಟ್ಟ ಕೈಯನ್ನು ಮೆಲ್ಲನೆ ಹಿಡಿದುಕೊಳ್ಳಿ.