ಫೋಕಸ್ ತಪ್ಪಿದ್ದು ಯಾರಿಂದ?

ಕ್ಯಾಮೆರಾ ಕೆಟ್ಟರೆ ಸಾಮಾನ್ಯವಾಗಿ ಕೂಡಲೇ ಗೊತ್ತಾಗುತ್ತದೆ. ಶಟರ್ ಬೀಳುವುದಿಲ್ಲ, ಪರದೆ ಬೆಳಗುವುದಿಲ್ಲ, ಕಾರ್ಡ್ ಓದುವುದಿಲ್ಲ. ಆಟೋಫೋಕಸ್ ದೋಷದ ರೀತಿಯೇ ಬೇರೆ. ವ್ಯೂಫೈಂಡರಿನಲ್ಲಿ ಫೋಕಸ್ ಚೌಕ ಮಿನುಗುತ್ತದೆ, ಬೀಪ್ ಸದ್ದೂ ಕೇಳುತ್ತದೆ, ಚಿತ್ರ ಸಿಕ್ಕಿತೆಂದು ಸಮಾಧಾನವಾಗುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಕಣ್ಣು ಮಸುಕು, ಕಿವಿ ಸ್ಪಷ್ಟ. ಕೈ ಅಲುಗಿತೇ? ಶಟರ್ ವೇಗ ಸಾಲದಾಯಿತೇ? ಫೋಕಸ್ ಬಿಂದು ಜಾರಿತೇ? ಎಲ್ಲರೂ ಮೊದಲು ತಮ್ಮನ್ನೇ ಅನುಮಾನಿಸುತ್ತಾರೆ. ಬೇರೆಯವರಿಗೂ ಹೀಗೇ ಆಗಿದೆಯೆಂದು ತಿಳಿಯುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ.

ಇಂಥ ಅನುಮಾನ ಎದ್ದಾಗ ತಯಾರಕರು ಹೇಗೆ ನಡೆದುಕೊಳ್ಳಬೇಕು? ಎರಡು ದಶಕಗಳಿಂದ ಕ್ಯಾಮೆರಾ ಬಳಗವನ್ನು ಕಾಡುತ್ತಿರುವ ಈ ಪ್ರಶ್ನೆಗೆ ಎರಡು ಪ್ರಕರಣಗಳು ಒಳ್ಳೆಯ ಪಾಠ ಹೇಳುತ್ತವೆ.

ಬಿಸಿಲಲ್ಲಿ ಜಾರಿದ ಫೋಕಸ್

ಕ್ಯಾನನ್ 2007ರ ಫೆಬ್ರವರಿಯಲ್ಲಿ ಇಒಎಸ್-1ಡಿ ಮಾರ್ಕ್ 3 ಕ್ಯಾಮೆರಾವನ್ನು ಪ್ರಕಟಿಸಿತು. ಸೆಕೆಂಡಿಗೆ 10 ಚಿತ್ರ, 45 ಬಿಂದುಗಳ ಹೊಸ ಫೋಕಸ್ ವ್ಯವಸ್ಥೆ. ಆಟದ ಮೈದಾನದಲ್ಲಿ ದುಡಿಯುವ ವೃತ್ತಿಪರರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ ಯಂತ್ರವದು. ಕೆಲವೇ ತಿಂಗಳಲ್ಲಿ ಕೆನಡಾದ ಛಾಯಾಗ್ರಾಹಕ ರಾಬ್ ಗಾಲ್‌ಬ್ರೈತ್ ತಮ್ಮ ಪರೀಕ್ಷೆಗಳ ಫಲಿತಾಂಶವನ್ನು ಚಿತ್ರಗಳ ಸಮೇತ ಮುಂದಿಟ್ಟರು. ಪ್ರಖರ ಬಿಸಿಲು, ಬೆಚ್ಚನೆಯ ಹವೆಯಲ್ಲಿ ಓಡಿಬರುವ ಕ್ರೀಡಾಪಟುವನ್ನು ಕ್ಯಾಮೆರಾ ಸರಿಯಾಗಿ ಹಿಂಬಾಲಿಸುತ್ತಿರಲಿಲ್ಲ. ಒಂದೇ ಸರಣಿಯಲ್ಲಿ ಒಂದು ಚಿತ್ರ ಸ್ಪಷ್ಟ, ಮುಂದಿನದು ಮಸುಕು.

ಕೊಂಡವರಲ್ಲಿ ಎರಡು ಬಣಗಳಾದವು. ‘ನನ್ನದರಲ್ಲೂ ಇದೇ ತೊಂದರೆ’ ಎಂದು ಒಬ್ಬರು, ‘ನನ್ನದು ಚೆನ್ನಾಗಿದೆ, ನೀವು ಸೆಟ್ಟಿಂಗ್ ಸರಿ ಮಾಡಿಕೊಳ್ಳಿ’ ಎಂದು ಇನ್ನೊಬ್ಬರು. ಇಬ್ಬರ ಮಾತೂ ನಿಜವಿರಬಹುದಿತ್ತು. ತಂಪು ಊರಿನಲ್ಲಿ, ಮೋಡದ ದಿನ ಕೆಲಸ ಮಾಡಿದವರಿಗೆ ದೋಷ ಎದುರಾಗದೇ ಹೋಗಬಹುದು. ಆದರೆ ಒಬ್ಬರಿಗೆ ಕಾಣಲಿಲ್ಲ ಎಂಬುದು ಇನ್ನೊಬ್ಬರ ಅನುಭವವನ್ನು ಸುಳ್ಳಾಗಿಸುವುದಿಲ್ಲ.

ಈ ಕ್ಯಾಮೆರಾದ ಒಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇದು ಲೆನ್ಸಿನ ಬೆಳಕನ್ನು ಕನ್ನಡಿಯಿಂದ ವ್ಯೂಫೈಂಡರಿಗೆ ತಿರುಗಿಸುವ ಎಸ್‌ಎಲ್‌ಆರ್ ಬಗೆಯದು. ಎಸ್‌ಎಲ್‌ಆರ್‌ನ ಮುಖ್ಯ ಕನ್ನಡಿಯ ಒಂದು ಭಾಗ ಅರೆಪಾರದರ್ಶಕ. ಲೆನ್ಸಿನಿಂದ ಬಂದ ಬೆಳಕಿನಲ್ಲಿ ಸ್ವಲ್ಪ ಪಾಲು ಅದನ್ನು ದಾಟಿ, ಹಿಂದಿರುವ ಪುಟ್ಟ ಉಪಕನ್ನಡಿಗೆ ಬಡಿದು, ಕ್ಯಾಮೆರಾದ ತಳದಲ್ಲಿರುವ ಫೋಕಸ್ ಸಂವೇದಕಕ್ಕೆ ಇಳಿಯುತ್ತದೆ. ಪ್ರತಿ ಚಿತ್ರಕ್ಕೂ ಈ ಎರಡೂ ಕನ್ನಡಿಗಳು ಮೇಲೆದ್ದು, ಮತ್ತೆ ಕೆಳಗಿಳಿದು, ಅದೇ ಕೋನದಲ್ಲಿ ನಿಲ್ಲಬೇಕು. ಅದೂ ಸೆಕೆಂಡಿಗೆ ಹತ್ತು ಬಾರಿ. ಉಪಕನ್ನಡಿ ಕೂದಲೆಳೆಯಷ್ಟು ವಾಲಿದರೂ ಸಂವೇದಕದ ಅಳತೆ ತಪ್ಪುತ್ತದೆ, ಲೆನ್ಸು ತಪ್ಪು ಜಾಗಕ್ಕೆ ಹೋಗಿ ನಿಲ್ಲುತ್ತದೆ.

2007ರ ಕೊನೆಯ ತಿಂಗಳುಗಳಲ್ಲಿ ಕ್ಯಾನನ್ ಬಾಯಿಬಿಟ್ಟಿತು. ಉಪಕನ್ನಡಿಯ ಭಾಗದಲ್ಲಿ ತೊಂದರೆಯಿದೆ, ಅದನ್ನು ಉಚಿತವಾಗಿ ಸರಿಪಡಿಸಿಕೊಡುತ್ತೇವೆ ಎಂದು ಪ್ರಕಟಿಸಿತು. ದುರಸ್ತಿಯಾದ ಹೊಸ ಕ್ಯಾಮೆರಾಗಳ ಪೆಟ್ಟಿಗೆಯ ಮೇಲೆ ನೀಲಿ ಚುಕ್ಕೆಯ ಗುರುತು ಬಂತು. ಹಲವರ ಸಮಸ್ಯೆ ಅಲ್ಲಿಗೆ ಮುಗಿಯಿತು, ಕೆಲವರದು ಮುಗಿಯಲಿಲ್ಲ. ಫರ್ಮ್‌ವೇರ್ ಪರಿಷ್ಕರಣೆಗಳು ಮುಂದೆಯೂ ಬರುತ್ತಲೇ ಇದ್ದವು. ಈ ನಡುವೆ, ಅದೇ 2007ರಲ್ಲಿ, ನಿಕಾನ್ ತನ್ನ ಡಿ3 ಕ್ಯಾಮೆರಾವನ್ನು 51 ಬಿಂದುಗಳ ಫೋಕಸ್ ವ್ಯವಸ್ಥೆಯೊಂದಿಗೆ ಮಾರುಕಟ್ಟೆಗೆ ಬಿಟ್ಟಿತು. ನಂಬಿಕೆ ಅಲುಗಿದ ಗಿರಾಕಿಗೆ ಹೋಗಲು ಬೇರೆ ಅಂಗಡಿ ತೆರೆದೇ ಇತ್ತು.

ಎಡಗಡೆಯ ಬಿಂದುಗಳು

ಐದು ವರ್ಷ ಕಳೆದ ಮೇಲೆ ಸರದಿ ನಿಕಾನಿಗೆ ಬಂತು. 2012ರ ಫೆಬ್ರವರಿಯಲ್ಲಿ ಪ್ರಕಟವಾದ ಡಿ800, 36 ಮೆಗಾಪಿಕ್ಸೆಲ್ ಮೀರಿದ ಸಂವೇದಕದಿಂದ ಎಲ್ಲರ ಕಣ್ಣು ಸೆಳೆದಿತ್ತು. ಕೊಂಡವರು ಗಮನಿಸಿದ್ದು ಇಷ್ಟು: ನಡುವಿನ ಬಿಂದುಗಳಲ್ಲಿ ಫೋಕಸ್ ಕರಾರುವಾಕ್ಕು, ಎಡ ತುದಿಯ ಬಿಂದುಗಳಲ್ಲಿ, ಅದರಲ್ಲೂ ಅಗಲ ಕೋನದ, ದೊಡ್ಡ ಅಪರ್ಚರಿನ ಲೆನ್ಸ್ ಹಾಕಿದಾಗ, ಮಸುಕು.

ಇದನ್ನು ಮನೆಯಲ್ಲೇ ಪರೀಕ್ಷಿಸುವ ಕ್ರಮವೊಂದು ಬಳಕೆಗೆ ಬಂತು. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ, ಗೋಡೆಗೆ ಅಂಟಿಸಿದ ಅಚ್ಚಿನ ಹಾಳೆಗೆ ನೇರವಾಗಿ ಹಿಡಿಯುವುದು. ಅಪರ್ಚರ್ ಪೂರ್ತಿ ತೆರೆಯುವುದು. ಎಡ ತುದಿಯ ಬಿಂದುವಿನಿಂದ ವ್ಯೂಫೈಂಡರಿನಲ್ಲಿ ಫೋಕಸ್ ಮಾಡಿ ಒಂದು ಚಿತ್ರ, ಅದೇ ಜಾಗಕ್ಕೆ ಲೈವ್ ವ್ಯೂನಲ್ಲಿ ಫೋಕಸ್ ಮಾಡಿ ಇನ್ನೊಂದು. ಲೈವ್ ವ್ಯೂನಲ್ಲಿ ಚಿತ್ರ ಸಂವೇದಕವೇ ಫೋಕಸನ್ನು ನಿರ್ಧರಿಸುವುದರಿಂದ ಕನ್ನಡಿಯ ಹಾದಿಯ ತಪ್ಪು ಅಲ್ಲಿ ನುಸುಳುವುದಿಲ್ಲ. ಮತ್ತೆ ಮತ್ತೆ ತೆಗೆದಾಗಲೂ ಎರಡನೆಯದು ಸ್ಪಷ್ಟವಾಗಿ, ಮೊದಲನೆಯದು ಮಸುಕಾಗಿ ಬಂದರೆ ಲೆನ್ಸಿನ ಮೇಲೂ ಕೈಯ ಮೇಲೂ ಹೊರಿಸುವಂತಿಲ್ಲ.

ಕ್ಯಾಮೆರಾದಲ್ಲಿದ್ದ ಫೋಕಸ್ ತಿದ್ದುಪಡಿ ಸೌಲಭ್ಯವೂ ಇದಕ್ಕೆ ಮದ್ದಾಗಲಿಲ್ಲ. ಆ ತಿದ್ದುಪಡಿ ಎಲ್ಲ ಬಿಂದುಗಳಿಗೂ ಒಂದೇ ಅಳತೆಯಲ್ಲಿ ಅನ್ವಯಿಸುತ್ತದೆ. ಎಡವನ್ನು ಸರಿ ಮಾಡಿದರೆ ನಡು ಕೆಡುತ್ತದೆ. ಉಳಿದ ದಾರಿ ಸರ್ವಿಸ್ ಸೆಂಟರ್ ಮಾತ್ರ. ಅಲ್ಲಿಗೆ ಕಳಿಸಿದ ಕೆಲವು ಕ್ಯಾಮೆರಾಗಳು ಸರಿಯಾಗಿ ಮರಳಿದವು, ಕೆಲವು ಮತ್ತೆ ಹೋಗಬೇಕಾಯಿತು. ಇಂಥ ದೋಷವಿದೆ, ಇದಕ್ಕೆ ಈ ಪರಿಹಾರ ಎಂದು ಎಲ್ಲರಿಗೂ ತಿಳಿಯುವಂಥ ಸೇವಾ ಪ್ರಕಟಣೆ ಮಾತ್ರ ಹೊರಡಲಿಲ್ಲ.

ಮೌನದ ಬೆಲೆ

ಕಂಪನಿಯ ಪರವಾಗಿ ವಾದಿಸಿದವರಿಗೂ ಕಾರಣಗಳಿದ್ದವು. ದೂರು ಹೇಳುವವರ ದನಿ ಯಾವಾಗಲೂ ಜೋರು, ತೃಪ್ತರು ಸುಮ್ಮನಿರುತ್ತಾರೆ; ಹಾಗಾಗಿ ದೋಷ ಇರುವುದಕ್ಕಿಂತ ದೊಡ್ಡದಾಗಿ ಕಾಣಬಹುದು. 36 ಮೆಗಾಪಿಕ್ಸೆಲ್ ಚಿತ್ರವನ್ನು ಪೂರ್ತಿ ಹಿಗ್ಗಿಸಿ ನೋಡಿದರೆ ಹಿಂದೆ ಕಾಣದಿದ್ದ ಸಣ್ಣ ತಪ್ಪೂ ಎದ್ದು ಕಾಣುತ್ತದೆ. ಖಚಿತ ಕಾರಣ ಸಿಗುವ ಮೊದಲೇ ಪ್ರಕಟಣೆ ಹೊರಡಿಸುವುದು ಎಂಜಿನಿಯರುಗಳಿಗೆ ಸುಲಭವಲ್ಲ. ಇವೆಲ್ಲ ಒಪ್ಪತಕ್ಕ ಮಾತುಗಳೇ.

ಆದರೆ ಎಷ್ಟು ಕ್ಯಾಮೆರಾಗಳು ದುರಸ್ತಿಗೆ ಬಂದವು, ಯಾವ ಕ್ರಮಸಂಖ್ಯೆಯವು, ಯಾವ ಭಾಗ ತಪ್ಪಾಗಿತ್ತು ಎಂಬ ಲೆಕ್ಕ ಇರುವುದು ತಯಾರಕರ ಬಳಿ ಮಾತ್ರ. ಆ ಲೆಕ್ಕ ಕೈಯಲ್ಲಿರುವವರು ಸುಮ್ಮನಿದ್ದರೆ ಇಲ್ಲದವರು ತಮ್ಮ ತಮ್ಮಲ್ಲೇ ಕಿತ್ತಾಡುತ್ತಾರೆ. ದೋಷವಿಲ್ಲದ ಕ್ಯಾಮೆರಾದವನೂ ನೆಮ್ಮದಿ ಕಳೆದುಕೊಳ್ಳುತ್ತಾನೆ. ಮಾರಲು ಹೊರಟರೆ ಬೆಲೆ ಬರುವುದಿಲ್ಲ. ವಾರಂಟಿ ಮುಗಿಯುವ ತನಕ ದೋಷವನ್ನು ಗುರುತಿಸದವನ ಪಾಡು ಇನ್ನೂ ಕಷ್ಟ.

ಪರಿಹಾರ ತಡವಾದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನಿಕಾನಿನ ಇನ್ನೊಂದು ಕ್ಯಾಮೆರಾ ತೋರಿಸಿತು. 2012ರ ಸೆಪ್ಟೆಂಬರಿನಲ್ಲಿ ಬಂದ ಡಿ600ನ ಚಿತ್ರಗಳಲ್ಲಿ ಕಲೆಗಳು ಕಾಣುತ್ತಿದ್ದವು. 2013ರಲ್ಲಿ ಹೊಸ ಶಟರ್ ಇರುವ ಡಿ610 ಬಂತು. ವಾರಂಟಿ ಮುಗಿದವರಿಗೂ ಉಚಿತ ದುರಸ್ತಿ ಎಂಬ ಮಾತು ಬಂದದ್ದು 2014ರಲ್ಲಿ. ಆ ಮಾರ್ಚಿನಲ್ಲಿ ಚೀನಾದ ಸರ್ಕಾರಿ ಟಿವಿ ಗ್ರಾಹಕ ದಿನದ ಕಾರ್ಯಕ್ರಮದಲ್ಲಿ ವಿಷಯವನ್ನು ಎತ್ತಿತು. ಶಾಂಘೈ ಅಧಿಕಾರಿಗಳು ಆ ಕ್ಯಾಮೆರಾದ ಮಾರಾಟವನ್ನೇ ತಡೆದರು. ಮೊದಲೇ ಆ ಮಾತು ಕೊಟ್ಟಿದ್ದರೆ ಕಂಪನಿಗೆ ಇಷ್ಟು ನಷ್ಟವಾಗುತ್ತಿರಲಿಲ್ಲವೇನೋ.

ನಮ್ಮ ಕೈಯಲ್ಲಿರುವುದು

ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಕನ್ನಡಿಯೂ ಇಲ್ಲ, ಉಪಕನ್ನಡಿಯೂ ಇಲ್ಲ. ಚಿತ್ರ ಮೂಡುವ ಸಂವೇದಕವೇ ಫೋಕಸನ್ನೂ ಅಳೆಯುತ್ತದೆ. ಹಳೆಯ ದೋಷ ತೊಲಗಿದರೂ ಫೋಕಸ್ ಎಲ್ಲಿರಬೇಕೆಂದು ತೀರ್ಮಾನಿಸುವ ಭಾರ ಸಾಫ್ಟ್‌ವೇರಿನ ಮೇಲೆ ಬಿದ್ದಿದೆ. ಅಲ್ಲಿನ ತಪ್ಪು ಕಣ್ಣಿಗೆ ಕಾಣುವಂಥದ್ದಲ್ಲವಾದ್ದರಿಂದ ಕಂಪನಿಯ ಹೊಣೆ ಇನ್ನೂ ಹೆಚ್ಚು.

ಸಾಲ ಮಾಡಿ ಬಾಡಿ, ಲೆನ್ಸು ಕೊಂಡು ಮದುವೆ ಫೋಟೊಗ್ರಫಿಯಲ್ಲಿ ಬದುಕು ಕಟ್ಟಿಕೊಂಡವರು ನಮ್ಮ ಊರೂರಲ್ಲಿದ್ದಾರೆ. ಮಾಂಗಲ್ಯಧಾರಣೆಯನ್ನು ಎರಡನೇ ಸಲ ಮಾಡಿಸಿ ತೆಗೆಯಲಾಗದು. ಅವರು ತಿಳಿದಿರಬೇಕಾದ ಸಂಗತಿಯೊಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರದ ಉದ್ದೇಶಕ್ಕೆ ಕೊಂಡ ಸರಕನ್ನು ಹೊರಗಿಡುತ್ತದೆ. ಆದರೆ ಸ್ವಯಂ ಉದ್ಯೋಗದಿಂದ ಜೀವನ ನಡೆಸಲೆಂದೇ ಕೊಂಡವರು ಗ್ರಾಹಕರೇ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಹೊಸ ಕ್ಯಾಮೆರಾ ಮನೆಗೆ ಬಂದ ವಾರದಲ್ಲೇ ಟ್ರೈಪಾಡ್ ಹಾಕಿ, ಅಂಚಿನ ಬಿಂದುಗಳನ್ನೂ ಬಿಡದೆ ಪರೀಕ್ಷಿಸಿ. ಮೂಲ ಫೈಲು, ಬಿಲ್ಲು, ವಾರಂಟಿ ಕಾರ್ಡು ಜೋಪಾನವಾಗಿಡಿ. ಸರ್ವಿಸ್ ಸೆಂಟರಿನಲ್ಲಿ ದೂರನ್ನು ಬರಹದಲ್ಲೇ ಕೊಟ್ಟು ರಸೀದಿ ಪಡೆಯಿರಿ. ಮತ್ತೊಬ್ಬರು ದೋಷವಿದೆ ಎಂದಾಗ, ‘ನನ್ನದು ಸರಿಯಿದೆ’ ಎಂದು ಅವರ ಬಾಯಿ ಮುಚ್ಚಿಸಬೇಡಿ. ಉತ್ತರ ಕೊಡಬೇಕಾದವರು ತಯಾರಕರು, ಕೇಳುವಾಗ ಕೊಂಡವರೆಲ್ಲ ಒಟ್ಟಾಗಿ ನಿಲ್ಲಬೇಕು.